ಎರಡು ಇಟ್ಟಿಗೆಯ ಎತ್ತರ

ಆ ನಾಡಿನಲ್ಲಿ ‘ಪಾನಿ’ ಎಂದರೆ ನೀರಲ್ಲ,
ಅಮ್ಮಾವ್ರು.
ಬೇಲಿಯಾಚೆಯ ತಿಮೆಕ್ ದಿನಾ ಕೂಗುವುದು ಹಾಗೇ:
ಪಾನಿ ಬೊಗುಮಿವಾ, ಪಾನಿ ಬೊಗುಮಿವಾ,
ಇವತ್ತು ಎಷ್ಟು ಮೊಟ್ಟೆ?
ಅವಳು ಮೊಟ್ಟೆಯ ಲೆಕ್ಕ ಇಟ್ಟವಳಲ್ಲ.
ಮೂವತ್ತೆಂಟು ವರ್ಷ ನೀರಿನ ಲೆಕ್ಕ ಬರೆದವಳು,
ವಿಸ್ಟುಲಾ ದಡದ ಹಳೇ ಪಂಪುಮನೆಯಲ್ಲಿ
ಗಾಜಿನ ನಳಿಕೆ ಬೆಳಕಿಗೆ ಹಿಡಿದು
ಕದಡೆಷ್ಟು, ಕ್ಲೋರಿನ್ ಎಷ್ಟು, ಕಾಣದ್ದೆಷ್ಟು.

ಈಗ ಐದು ಕೋಳಿ.
ಹೆಸರಿಲ್ಲ. ಮಾದರಿ ಒಂದು, ಮಾದರಿ ಎರಡು, ಹೀಗೆ.
ನಾಲ್ಕನೆಯದು ತರಲೆ:
ತುಂಬಿಟ್ಟ ಅರೆಗಳಿಗೆಗೇ ಬಟ್ಟಲಿಗೆ ಕಾಲಿಟ್ಟು
ಕೆದಕಿದ ಮಣ್ಣು, ಹೊಟ್ಟು, ತನ್ನದೇ ಹಿಕ್ಕೆ
ಎಲ್ಲ ಕಲಸಿ, ಅದರಲ್ಲೇ ನಿಂತು,
ಯಾರಪ್ಪಾ ಮಾಡಿದ್ದು ಎಂಬಂತೆ ನೋಡುತ್ತದೆ.

ಅದಕ್ಕೇ ಎರಡು ಇಟ್ಟಿಗೆ.
ಕೋಳಿಯ ಬೆನ್ನಿನ ಮಟ್ಟಕ್ಕೆ ನೀರು;
ಕತ್ತು ಚಾಚಿದರೆ ಸಿಗಬೇಕು,
ಕಾಲು ಚಾಚಿದರೆ ಸಿಗಬಾರದು.

ಬೇಸಿಗೆಯಲ್ಲಿ ಬಟ್ಟಲು ಕರಂಟ್ ಪೊದೆಯ ನೆರಳಿಗೆ.
ಬಿಸಿಲು ಕಂಡ ನೀರು ಹಸಿರು ಹೆರುತ್ತದೆ.
ಆದರೂ ನಂಬುವುದಿಲ್ಲ ಅವಳು,
ಒಳಮೈಗೆ ಬೆರಳಾಡಿಸುತ್ತಾಳೆ:
ಕಣ್ಣಿಗೆ ತಿಳಿ, ಬೆರಳಿಗೆ ಲೋಳೆ.
ಹಸಿರು ಬರುವುದು ಆಮೇಲೆ. ಮೊದಲು ಜಾರುತ್ತದೆ.
ವಿನಿಗರ್, ಬಿಸಿನೀರು,
ಗಂಡನ ಹಳೇ ಹಲ್ಲುಜ್ಜುವ ಬ್ರಷ್ಷು.
ಅವನು ಹೋದಮೇಲೆ ಎಸೆಯಲು ಮನಸ್ಸಾಗದೆ ಅಲ್ಲ,
ಬಿರುಗೂದಲು ಇನ್ನೂ ಗಟ್ಟಿಯಿತ್ತು.

ಗುಟುಕಿಗೊಮ್ಮೆ ಮುಖ ಮೇಲೆತ್ತುತ್ತವಲ್ಲ,
ದೇವರನ್ನು ನೆನೆಯುತ್ತವಂತೆ, ಅಜ್ಜಿ ಹೇಳಿದಳು, ಎಂದ ತಿಮೆಕ್.
ಗಂಟಲಲ್ಲಿ ಪಂಪಿಲ್ಲ ಕಣೋ, ಅಂದಳು ಪಾನಿ.
ಇಳಿಜಾರು ಬೇಕು ನೀರಿಗೆ.
ಊರಿನ ಟ್ಯಾಂಕು ದಿಬ್ಬದ ಮೇಲಿರುವುದೂ ಅದಕ್ಕೇ.

ಜನವರಿಯಲ್ಲಿ ನೀರು ಕೂತಲ್ಲೇ ಕಲ್ಲು.
ಬೆಳಗಿನ ಐದಕ್ಕೆ, ನಡುಹಗಲಿಗೆ, ನಾಲ್ಕರ ಕತ್ತಲಿಗೆ
ಕೆಟಲ್ ಹಿಡಿದು, ಶಾಲು ಸುತ್ತಿ, ಹೊರಡುತ್ತಾಳೆ.
ಬಟ್ಟಲು ಬೋರಲು ಹಾಕಿ ತಟ್ಟಿದರೆ ಬೀಳುವ ಮಂಜುಗಡ್ಡೆಯ ಬಿಲ್ಲೆ
ಬೇಲಿಗೆ ಒರಗಿಸುತ್ತಾಳೆ, ಒಂದರ ಪಕ್ಕ ಇನ್ನೊಂದು.
ಒಂದರಲ್ಲಿ ಪುಕ್ಕ, ಒಂದರಲ್ಲಿ ಓಟ್ಸ್ ಕಾಳು,
ಒಂದರಲ್ಲಿ ಮೇಲೇಳುತ್ತ ಅರ್ಧಕ್ಕೇ ನಿಂತ ಗುಳ್ಳೆಗಳ ಸಾಲು.
ಪಂಪುಮನೆಯ ದಪ್ಪ ರಿಜಿಸ್ಟರಿನ ಹಾಗೆ.
ಆದರೆ ಇದರಲ್ಲಿ
ಪುಟ ಖಾಲಿ ಬಿಡಲು ಬರುವುದಿಲ್ಲ.

ತಿಮೆಕ್‌ಗೆ ಹೇಳಿಲ್ಲ. ಯಾರಿಗೂ ಇಲ್ಲ.
ಒಂದು ಏಪ್ರಿಲ್, ನೆರೆ ಇಳಿದ ವಾರ, ಶುಕ್ರವಾರ ಸಂಜೆ
ನಳಿಕೆಯಲ್ಲಿ ಬರಬಾರದ ಹಳದಿ ಬಂತು.
ಸೋಮವಾರ ಇನ್ನೊಮ್ಮೆ ನೋಡೋಣ, ಎಂದರು ಮೇಲಿನವರು.
ಅವಳು ಪೆನ್ನಿನ ಮುಚ್ಚಳ ಹಾಕಿದಳು.
ಶನಿವಾರ ಊರು ಕುಡಿಯಿತು. ಭಾನುವಾರವೂ ಕುಡಿಯಿತು.
ಸತ್ತವರಿಲ್ಲ.
ಒಂದು ಶಾಲೆಯ ಮಕ್ಕಳಿಗೆ ಎರಡು ದಿನ ವಾಂತಿ,
ತಪ್ಪು ಹಾಲಿನದು ಎಂದು ತೀರ್ಮಾನವಾಯಿತು.
ಆ ಎರಡು ದಿನ
ಅವಳ ಮನೆಯ ಒಲೆಯ ಮೇಲೆ ಮಾತ್ರ
ನೀರು ಕುದಿಯುತ್ತಿತ್ತು.

ಮಾರ್ಚ್ ಬಂತು. ಬೇಲಿಯ ಬಿಲ್ಲೆಗಳು
ಹಪ್ಪಳದಷ್ಟು ತೆಳುವಾಗಿ, ತೂತಾಗಿ,
ಹಿಡಿದಿಟ್ಟದ್ದನ್ನೆಲ್ಲ ಒಂದೊಂದೇ ನೆಲಕ್ಕೆ ಬಿಟ್ಟವು.
ಮಾದರಿ ನಾಲ್ಕು ಬಂದು ಓಟ್ಸ್ ಕಾಳು ಹೆಕ್ಕಿ ಹೋಯಿತು.
ಪಾನಿ ಬಟ್ಟಲು ತಿಕ್ಕಿದಳು, ಮೂರು ಸಲ ಗಲಬರಿಸಿ ಚೆಲ್ಲಿದಳು, ತುಂಬಿದಳು.
ಇಟ್ಟಿಗೆಯ ಮೇಲಿಡುವ ಮುನ್ನ
ಅಂಚಿಗೇ ಬಾಯಿಟ್ಟು
ಒಂದು ಗುಟುಕು.
ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ನುಂಗಿದಳು.

ಥೂ, ಕೋಳಿ ನೀರು! ಎಂದ ತಿಮೆಕ್.
ಹೌದು, ಎಂದಳು.
ಬಾಯಿ ಒರೆಸಿಕೊಂಡು, ಕೋಳಿಗಳ ಕಡೆ ತಿರುಗಿ:
ಇನ್ನು ನೀವು ಕುಡಿಯಬಹುದು.